ಅದು ಆರತಿ ನೀರಲ್ಲ

ಅಳೋಣ ಅಂತ ಕೂತಾಗಲೆಲ್ಲ ನಮ್ಮ ಮನೆಯಲ್ಲಿ ನಗು ಬರುವಂಥದ್ದು ಏನಾದರೂ ನಡೆದುಬಿಡುತ್ತದೆ. ನನ್ನ ಹೆಂಡತಿ ಇದ್ದಾಗಲೂ ಹೀಗೇ ಇತ್ತು, ಅವಳು ಹೋದ ಮೇಲೂ ನಿಂತಿಲ್ಲ. ಈ ಒಂದು ವರ್ಷದಲ್ಲಿ ನಡೆದ ಇಂಥವಕ್ಕೆಲ್ಲ ಕಾರಣ ಅವಳು ಬಿಟ್ಟುಹೋದ ಒಂದು ಹಳೇ ಕಾರು.

ನಾನು ಸಿಟಿ ಬಸ್ ಡ್ರೈವರ್ ಆಗಿದ್ದವನು. ಬನಶಂಕರಿಯಿಂದ ಮೆಜೆಸ್ಟಿಕ್ಕಿಗೆ, ಮೆಜೆಸ್ಟಿಕ್ಕಿನಿಂದ ಬನಶಂಕರಿಗೆ, ರಿಟೈರ್ ಆಗುವತನಕ ಅದೇ ಕೆಲಸ. ರಜಾ ದಿನ ಸ್ಟೇರಿಂಗ್ ಮುಟ್ಟು ಅಂದರೆ ಮೈ ಉರಿಯುತ್ತಿತ್ತು. "ಊರವರನ್ನೆಲ್ಲ ಸುತ್ತಿಸ್ತೀರಿ, ಕಟ್ಕೊಂಡವಳನ್ನ ಮಾತ್ರ ಆಟೋ ಹತ್ತಿಸ್ತೀರಿ" ಅಂತ ಹೇಳಿ ಹೇಳಿ ಸಾಕಾಗಿ, ಐವತ್ತರ ಹತ್ತಿರ ಅವಳೇ ಡ್ರೈವಿಂಗ್ ಕಲಿತಳು. ಪದ್ಮನಾಭನಗರದ ನಮ್ಮ ಮನೆಯ ಹಾಲಿನಲ್ಲಿ ಮಕ್ಕಳಿಗೆ ಟ್ಯೂಷನ್ ಹೇಳುತ್ತಿದ್ದ ಟೀಚರ್ ಅವಳು. ಎಡಗಾಲಿನ ಮಂಡಿ ನೋವಿತ್ತು. ಅದಕ್ಕೇ ಕ್ಲಚ್ ಇಲ್ಲದ, ಗೇರ್ ತಾನಾಗಿಯೇ ಬೀಳುವ ಕಾರೊಂದನ್ನು ಸೆಕೆಂಡ್ ಹ್ಯಾಂಡಿನಲ್ಲಿ ಹುಡುಕಿ ತಂದಳು. ಅವತ್ತಿನಿಂದ ಅವಳು ಡ್ರೈವರ್, ನಾನು ಪಕ್ಕದ ಸೀಟಿನ ಪ್ಯಾಸೆಂಜರ್.

ಅವಳ ತವರು ಶ್ರೀರಂಗಪಟ್ಟಣ. ತನ್ನ ಕಾರನ್ನು ತಾನೇ ಓಡಿಸಿಕೊಂಡು ಅಲ್ಲಿಗೆ ಹೋಗಿ ಹೊಳೆ ದಂಡೆಯಲ್ಲಿ ನಿಲ್ಲಿಸಬೇಕು ಅನ್ನುವುದು ಅವಳ ಒಂದೇ ಆಸೆ. ಎಷ್ಟೋ ಸಲ ಹೊರಟೆವು. ಕೆಂಗೇರಿ ದಾಟುತ್ತಿದ್ದಂತೆ ದೊಡ್ಡ ದೊಡ್ಡ ಲಾರಿಗಳು ಕಾಣುತ್ತಿದ್ದವು. "ಮುಂದಿನ ತಿಂಗಳು ನೋಡೋಣ ರೀ" ಅಂತ ಗಾಡಿ ತಿರುಗಿಸಿ, ದಾರಿಯಲ್ಲಿ ಒಂದು ಹೋಟೆಲಿನಲ್ಲಿ ದೋಸೆ ತಿಂದು ವಾಪಸ್ ಬರುತ್ತಿದ್ದೆವು.

ಕಳೆದ ಆಷಾಢದಲ್ಲಿ ಎದೆ ನೋವು ಅಂದಳು. ಆಸ್ಪತ್ರೆಗೂ ಅವಳೇ ಓಡಿಸಿಕೊಂಡು ಹೋದಳು. ಕೀ ಕೊಡು ಅಂದರೆ, "ಇದಕ್ಕೆ ಕ್ಲಚ್ ಇಲ್ಲ, ನಿಮಗೆ ಬರಲ್ಲ, ಸುಮ್ನೆ ಕೂತ್ಕೊಳ್ಳಿ" ಅಂದಳು. ಆಸ್ಪತ್ರೆಯ ಗೇಟಿನೊಳಗೆ ಎರಡು ಕಾರುಗಳ ನಡುವೆ ನೇರವಾಗಿ ಪಾರ್ಕ್ ಮಾಡಿ ಇಳಿದಳು. ವಾಪಸ್ ಬರಲಿಲ್ಲ. ಕಾರನ್ನು ಯಾರೋ ತಂದು ನಮ್ಮ ಗೇಟಿನ ಮುಂದೆ ಬಿಟ್ಟರು.

ವರ್ಷದ ಕಾರ್ಯವನ್ನು ಶ್ರೀರಂಗಪಟ್ಟಣದ ಹೊಳೆ ದಂಡೆಯಲ್ಲೇ ಮಾಡುವುದು ಅಂತ ತೀರ್ಮಾನವಾಯಿತು. ಮಗಳು ಮೈಸೂರಿನಲ್ಲಿದ್ದಾಳೆ, ಅವಳಿಗೂ ಹತ್ತಿರ. ಅಮ್ಮನ ಕಾರಿನಲ್ಲೇ ಬರುತ್ತೇನೆ ಅಂದೆ. "ಅಪ್ಪ, ಆ ಡಬ್ಬಾನ ಗುಜರಿಗೆ ಹಾಕಿ ಬಸ್ಸಲ್ಲಿ ಬನ್ನಿ" ಅಂದಳು ಫೋನಿನಲ್ಲಿ.

"ಬಸ್ಸಲ್ಲಿ ಬಂದ್ರೆ ನಾನು ಬಂದಂಗಾಗುತ್ತೆ. ನಿಮ್ಮಮ್ಮ ಬಂದಂಗಾಗಲ್ಲ."

"ದಾರೀಲಿ ನಿಂತ್ರೆ ನನಗೆ ಫೋನ್ ಮಾಡ್ಬೇಡಿ" ಅಂತ ಫೋನ್ ಇಟ್ಟಳು.

೧. ಎಡಗಾಲು

ತಿಂಗಳುಗಟ್ಟಲೆ ಕವರ್ ಹೊದ್ದು ನಿಂತಿದ್ದ ಕಾರಿಗೆ ಹೊಸ ಬ್ಯಾಟರಿ ಹಾಕಿಸಿ, ಒಂದು ಬೆಳಿಗ್ಗೆ ಒಳಗೆ ಕೂತೆ. ಮಂಡಿ ಸ್ಟೇರಿಂಗಿಗೆ ತಾಗಿತು. ಅವಳು ಗಿಡ್ಡ. ಸೀಟನ್ನು ಪೂರ್ತಿ ಮುಂದಕ್ಕೆ ಎಳೆದುಕೊಂಡು, ಬೆನ್ನಿಗೆ ಒಂದು ಹೂವಿನ ದಿಂಬು ಇಟ್ಟುಕೊಂಡು ಓಡಿಸುತ್ತಿದ್ದಳು. ಸೀಟನ್ನು ಹಿಂದಕ್ಕೆ ತಳ್ಳಲು ಕೈ ಹಾಕಿದೆ, ಆಗಲಿಲ್ಲ. ಸೀಟು ಜಾಮ್ ಆಗಿರಲಿಲ್ಲ, ನನಗೇ ಆಗಲಿಲ್ಲ. ಹಾಗೇ ಮುದುಡಿಕೊಂಡು ಕೂತೆ.

ಎದುರುಮನೆಯಾಕೆ ಡಬ್ಬಿ ಹಿಡಿದುಕೊಂಡು ಆಟೋ ಕಾಯುತ್ತಿದ್ದಳು. "ಅಣ್ಣ, ಬನಶಂಕರಿ ಕಡೆ ಹೋಗ್ತಿದ್ರೆ ನಾನೂ ಬರ್ತೀನಿ. ಅತ್ತಿಗೆ ಮನೆಗೆ ದೋಸೆ ಹಿಟ್ಟು ಕೊಡ್ಬೇಕು." ಬಾರಮ್ಮ ಅಂದೆ. ಬಸ್ ಓಡಿಸಿದವನಿಗೆ ಪ್ಯಾಸೆಂಜರ್ ಹತ್ತಿದರೆ ಒಂದು ಉತ್ಸಾಹ.

ಮೊದಲ ತಿರುವು ಬಂತು. ನನ್ನ ತಲೆಗೆ ಗೊತ್ತು, ಈ ಗಾಡಿಗೆ ಕ್ಲಚ್ ಇಲ್ಲ ಅಂತ. ನನ್ನ ಎಡಗಾಲಿಗೆ ಗೊತ್ತಿಲ್ಲ. ಅದು ಬಸ್ಸಿನಲ್ಲಿ ಒತ್ತುತ್ತಿದ್ದ ಹಾಗೆ ಪೂರ್ತಿ ಬಲ ಹಾಕಿ ಕ್ಲಚ್ ಒತ್ತಿತು. ಅಲ್ಲಿದ್ದದ್ದು ಬ್ರೇಕು. ಕಾರು ಗೂಟಕ್ಕೆ ಕಟ್ಟಿದಂತೆ ನಿಂತಿತು. ಹಿಂದಿನ ಸೀಟಿನಿಂದ ದೋಸೆ ಹಿಟ್ಟು ಬಂದು ನನ್ನ ಕತ್ತಿನ ಮೇಲೆ, ಗಾಜಿನ ಮೇಲೆ, ಗಣೇಶನ ಬೊಂಬೆಯ ಮೇಲೆ ಕೂತಿತು.

ಅವಳು ಬೈಯಲಿಲ್ಲ. ಖಾಲಿ ಡಬ್ಬಿಯ ಮುಚ್ಚಳ ಹುಡುಕಿಕೊಂಡು ಕೆಳಗಿಳಿದು ಹೇಳಿದಳು: "ನಿಮ್ಮ ಬಸ್ಸೇ ವಾಸಿ ಅಣ್ಣ. ಅದರಲ್ಲಿ ಹಿಡ್ಕೊಳ್ಳೋಕೆ ಕಂಬಿ ಇರ್ತಿತ್ತು."

೨. ಕುಂಕುಮ

ಅವತ್ತಿನಿಂದ ದಿನಾ ಬೆಳಿಗ್ಗೆ ಮನೆಯ ಮುಂದೆಯೇ ಕಾರನ್ನು ಹಿಂದೆ ಮುಂದೆ ಓಡಿಸಿ ಎಡಗಾಲನ್ನು ಪಳಗಿಸತೊಡಗಿದೆ. ಒಂದು ದಿನ ಕಾರನ್ನು ಹಿಂದಕ್ಕೆ ತೆಗೆದಾಗ ಅದರ ಮೂತಿ ಇದ್ದ ಜಾಗದಲ್ಲಿ ನೆಲದ ಮೇಲೆ ಕೆಂಪು ಕಲೆ ಕಂಡಿತು. ಬಸ್ ಸ್ಟ್ಯಾಂಡಿನಲ್ಲೇ ಕೂದಲು ಬೆಳ್ಳಗಾದವನು ನಾನು, ಕೆಂಪು ಕಂಡರೆ ಮೊದಲು ತೋಚುವುದು ಎಲೆ ಅಡಿಕೆ. ಯಾರೋ ಉಗಿದು ಹೋಗಿದ್ದಾರೆ ಅಂದುಕೊಂಡೆ. ತೊಳೆದೆ. ಮಾರನೇ ದಿನ ಮತ್ತೆ ಇತ್ತು. ಅವಳ ಕಾರಿನ ಬುಡಕ್ಕೇ ಬಂದು ಉಗಿಯುತ್ತಾರಲ್ಲ ಅಂತ ಬಹಳ ಬೇಜಾರಾಯಿತು.

ಉಗಿಯಬೇಡಿ ಅಂತ ಬರೆದು ಹಾಕಿದರೆ ನಮ್ಮ ಊರಿನಲ್ಲಿ ಯಾರೂ ಕೇಳುವುದಿಲ್ಲ. ದೇವರ ಪಟ ಇಟ್ಟರೆ ಕೇಳುತ್ತಾರೆ. ಒಳಗಿದ್ದ ಒಂದು ಹಳೇ ಪಟ ತಂದು ಕಾಂಪೌಂಡ್ ಗೋಡೆಗೆ ಒರಗಿಸಿಟ್ಟೆ.

ಕಲೆ ನಿಲ್ಲಲಿಲ್ಲ. ಆದರೆ ಬೇರೆಯದೊಂದು ಶುರುವಾಯಿತು. ಹೂ ಮಾರುವವಳು ದಿನಾ ಒಂದು ಮೊಳ ಪಟಕ್ಕೆ ಏರಿಸಿ ಹೋಗತೊಡಗಿದಳು. ಯಾರೋ ಊದುಬತ್ತಿ ಸಿಕ್ಕಿಸಿದರು. ಒಂದು ಬೆಳಿಗ್ಗೆ, ಆಫೀಸಿಗೆ ಹೋಗುವ ಹುಡುಗಿಯೊಬ್ಬಳು ಬ್ಯಾಗು ತೋಳಿಗೆ ಏರಿಸಿ, ಚಪ್ಪಲಿ ಬಿಟ್ಟು, ಪಟಕ್ಕೆ ಕೈ ಮುಗಿದು, ನೆಲದ ಆ ಕೆಂಪನ್ನು ಬೆರಳ ತುದಿಗೆ ತಗೊಂಡು ಹಣೆಗೆ ಇಟ್ಟುಕೊಂಡಳು. ಆಮೇಲೆ ಬೆರಳನ್ನು ಮೂಸಿ ನೋಡಿ ನನ್ನ ಕಡೆ ತಿರುಗಿದಳು.

"ಅಂಕಲ್, ಈ ಕುಂಕುಮ ಎಲ್ಲಿಂದ ತಂದಿದ್ದು? ಸೀದ ವಾಸನೆ ಬರ್ತಿದೆ."

ನಾನೂ ಬಗ್ಗಿ ಮುಟ್ಟಿ ಮೂಸಿದೆ. ಎಣ್ಣೆ. ನಾನು ಕಂಡ ಬಸ್ಸಿನ ಗೇರ್ ಎಣ್ಣೆಯೆಲ್ಲ ಕಪ್ಪು, ಕೆಂಪು ಎಣ್ಣೆ ನೋಡಿದ್ದು ಅದೇ ಮೊದಲು. ಹುಡುಗಿಗೆ ಕರ್ಚೀಫ್ ಕೊಟ್ಟು, ಕ್ಷಮಿಸಮ್ಮ, ಅದು ನನ್ನ ಹೆಂಡತಿ ಕಾರಿನ ಗೇರ್‌ಬಾಕ್ಸಿಂದು ಅಂದೆ. ಅವಳು ಒರೆಸಿಕೊಳ್ಳಲಿಲ್ಲ. "ಇರ್ಲಿ ಅಂಕಲ್" ಅಂದಳು, "ಇವತ್ತು ನನಗೆ ಇಂಟರ್‌ವ್ಯೂ ಇದೆ. ಇಟ್ಟಿದ್ದನ್ನ ಅಳಿಸಬಾರದು."

೩. ಬೈಗುಳ

ಕಾರಿನ ಮೇಸ್ತ್ರಿ ಸುದ್ದಗುಂಟೆಪಾಳ್ಯದವನು. ನನ್ನ ಹೆಂಡತಿ ಇದ್ದಾಗ ಅವನ ಹತ್ತಿರವೇ ಹೋಗುತ್ತಿದ್ದಳು, ಪಕ್ಕದಲ್ಲಿ ನಿಂತು ಒಂದೊಂದು ನಟ್ಟಿಗೂ ಕಾರಣ ಕೇಳುತ್ತಿದ್ದಳು. ಅವಳ ಟ್ಯೂಷನ್ನಿನ ಮಕ್ಕಳಿಗಿಂತ ಹೆಚ್ಚು ಅವಳಿಗೆ ಹೆದರುತ್ತಿದ್ದವನು ಅವನೇ. ಅವಳು ಹೋದ ಸುದ್ದಿ ಅವನಿಗೆ ಗೊತ್ತಿರಲಿಲ್ಲ. ಕಾರು ಕಂಡ ತಕ್ಷಣ ಕೈ ಒರೆಸಿಕೊಂಡು ನೆಟ್ಟಗೆ ನಿಂತ. ಡ್ರೈವರ್ ಬಾಗಿಲಿನಿಂದ ನಾನು ಇಳಿದೆ. ಅವನು ಪಕ್ಕದ ಬಾಗಿಲನ್ನೇ ನೋಡುತ್ತಾ ನಿಂತಿದ್ದ. ಹೇಳಬೇಕಾಯಿತು.

ಕೇಳಿದವನೇ ಕಾರಿನ ಕೆಳಗೆ ನುಗ್ಗಿದ. "ಗೇರ್‌ಬಾಕ್ಸ್ ಕೆಳಗೆ ಎಣ್ಣೆ ನಿಲ್ಲೋ ಚೇಂಬರ್ ಇದೆಯಲ್ಲ ಸಾರ್, ಅದರ ಪ್ಯಾಕಿಂಗ್ ಹೋಗಿದೆ. ಎಣ್ಣೆ ಅಲ್ಲೇ ತೊಟ್ಟಿಕ್ತಿದೆ." ಪ್ಯಾಕಿಂಗ್ ಬದಲಾಯಿಸಿ, ಹೊಸ ಎಣ್ಣೆ ತುಂಬಿ ಕಳಿಸಿದ. ಬೆಳಗಾದರೆ ಮತ್ತೆ ಕೆಂಪು. ಎರಡನೇ ಸಲ ಹೋದೆ. "ಹಂಗಾದ್ರೆ ಆಯಿಲ್ ಸೀಲ್. ಗಾಡಿ ನಿಂತೇ ಇದ್ರೆ ರಬ್ಬರ್ ಒಣಗಿಬಿಡುತ್ತೆ ಸಾರ್, ಓಡ್ತಿದ್ರೇನೇ ಜೀವ." ಸೀಲೂ ಹೊಸದಾಯಿತು. ಕಲೆ ಮಾತ್ರ ಹಳೆಯದೇ. ವರ್ಷದ ಕಾರ್ಯ ಹತ್ತಿರ ಬರುತ್ತಿತ್ತು. ಎಣ್ಣೆ ಖಾಲಿಯಾದರೆ ಈ ಜಾತಿಯ ಗಾಡಿ ಒಂದು ಹೆಜ್ಜೆಯೂ ಇಡುವುದಿಲ್ಲ, ಎಂಜಿನ್ ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಹೈವೇಯಲ್ಲಿ ಹಾಗಾದರೆ ಅವಳನ್ನು ಕೆಂಗೇರಿಯ ಆಚೆ ಕರೆದುಕೊಂಡು ಹೋಗುವುದು ಈ ಜನ್ಮದಲ್ಲಿ ಮುಗಿಯಿತು ಅಂತ ನನಗೆ ಭಯ.

ಮೂರನೇ ಸಲ ಹೋದಾಗ ಮೇಸ್ತ್ರಿ ಸ್ಪ್ಯಾನರ್ ಕೆಳಗಿಟ್ಟ. "ಮೇಡಂ ಇಲ್ದೆ ಕೈ ಓಡ್ತಿಲ್ಲ ಸಾರ್. ಅವರು ಬೈದ್ರೆ ತಲೆ ಓಡ್ತಿತ್ತು. ನೀವಾದ್ರೂ ಸ್ವಲ್ಪ ಬೈರಿ."

ಕೇಳಿಕೊಂಡಿದ್ದಾನಲ್ಲ ಅಂತ, ಕಾರ್ಪೊರೇಷನ್ ಸರ್ಕಲ್ಲಿನಲ್ಲಿ ಆಟೋದವರಿಗೆ ಬೈದು ಬೈದು ಹದವಾಗಿದ್ದ ಬಾಯಿಂದ ನನಗೆ ಗೊತ್ತಿದ್ದದ್ದನ್ನೆಲ್ಲ ಬೈದೆ. ಪಕ್ಕದ ಟೀ ಅಂಗಡಿಯವನು ಲೋಟ ತೊಳೆಯುವುದನ್ನು ನಿಲ್ಲಿಸಿದ. ಮೇಸ್ತ್ರಿ ಪೂರ್ತಿ ಕೇಳಿ ತಲೆ ಅಲ್ಲಾಡಿಸಿದ.

"ಇದಲ್ಲ ಸಾರ್. ಇದು ಬಸ್ ಸ್ಟ್ಯಾಂಡ್ ಬೈಗುಳ. ಮೇಡಂದು ಬೇರೆ. 'ಉತ್ತರ ಹೇಳಿದ್ರೆ ಸಾಲ್ದು, ಲೆಕ್ಕ ಹೆಂಗೆ ಮಾಡ್ದೆ ತೋರಿಸು' ಅಂತಿದ್ರು."

ಹಾಗಂದವನು ತಾನೇ ಹಣೆ ಚಚ್ಚಿಕೊಂಡ. "ನಾನು ಲೆಕ್ಕಾನೇ ಮಾಡಿಲ್ಲ ಸಾರ್. ತೊಟ್ಟಿಕ್ಕೋ ಜಾಗ ನೋಡಿ ಉತ್ತರ ಬರೆದುಬಿಟ್ಟೆ. ನಾಳೆ ಮನೆಗೇ ಬರ್ತೀನಿ. ಒಂದು ಪೌಡರ್ ಡಬ್ಬಿ ತೆಗೆದಿಟ್ಟಿರಿ."

೪. ಪೌಡರ್

ಮೈಗೆ ಹಾಕುವ ಪೌಡರೇ ಬೇಕಂತೆ. ಗೇರ್‌ಬಾಕ್ಸನ್ನು ಚೆನ್ನಾಗಿ ಒರೆಸಿ ಒಣಗಿಸಿ, ಮೇಲೆ ಪೌಡರ್ ಉದುರಿಸಿ, ಎಂಜಿನ್ ಓಡಿಸಿದರೆ ಎಣ್ಣೆ ಹೊರಡುವ ಜಾಗದಿಂದ ಬಿಳಿಯ ಮೇಲೆ ಕೆಂಪು ಗೆರೆ ಬೀಳುತ್ತದೆ. ನಾನು ಪೌಡರ್ ಹಾಕುವವನಲ್ಲ. ಮನೆಯಲ್ಲಿದ್ದದ್ದು ಅವಳದೊಂದೇ. ಕನ್ನಡಿಯ ಮುಂದೆ ಅವಳು ಬಿಟ್ಟುಹೋದ ಕಡೆಯೇ ಇತ್ತು, ಧೂಳು ಒರೆಸುವಾಗಲೂ ಅದನ್ನು ಎತ್ತಿ ಅಲ್ಲೇ ಇಡುತ್ತಿದ್ದೆ. ಅಂಗಡಿಗೆ ಹೋಗಿ ಹೊಸದು ತರೋಣ ಅಂತ ಚಪ್ಪಲಿ ಮೆಟ್ಟಿದೆ. ಆಮೇಲೆ, ಅವಳ ಕಾರಿಗೆ ತಾನೇ, ಅವಳು ಬೇಡ ಅನ್ನುವಳೇ ಅನ್ನಿಸಿ, ಆ ಡಬ್ಬಿಯನ್ನೇ ತಂದು ಕೊಟ್ಟೆ.

ಮೇಸ್ತ್ರಿ ಮಲಗಿಕೊಂಡು ಮುಚ್ಚಳ ತಿರುಗಿಸಿ ಉದುರಿಸಿದ. ಘಮ ಎದ್ದಿತು. ಸಂಜೆ ಟ್ಯೂಷನ್ ಶುರುವಾಗುವ ಮೊದಲು ಮುಖ ತೊಳೆದು ಬರುತ್ತಿದ್ದಳಲ್ಲ, ಆ ಘಮ. ನಾನು ಗೇಟು ಹಿಡಿದುಕೊಂಡೆ. ಕೆಳಗಿನಿಂದ ಮೇಸ್ತ್ರಿ, "ಸಾರ್, ಸ್ಟಾರ್ಟ್ ಮಾಡಿ" ಅಂದ. ಎರಡು ಸಲ ಅಂದ. ಮೂರನೇ ಸಲ ಅನ್ನಲಿಲ್ಲ, ಕಾದ.

ಕಣ್ಣು ಒರೆಸಿಕೊಂಡು ಸ್ಟಾರ್ಟ್ ಮಾಡಿದೆ. ಎಂಜಿನ್ ಬಿಸಿಯಾದ ಮೇಲೆ ಅವನು ನನ್ನನ್ನೂ ಬಗ್ಗಿಸಿ ಟಾರ್ಚ್ ಬಿಟ್ಟು ತೋರಿಸಿದ. ಮೇಲೆ, ರೇಡಿಯೇಟರಿನ ಹತ್ತಿರ, ಎಣ್ಣೆಯನ್ನು ತಣ್ಣಗಾಗಲು ಒಯ್ಯುವ ಒಂದು ರಬ್ಬರ್ ಪೈಪು. ಅದರ ಕ್ಲಿಪ್ಪಿನ ಬುಡದಲ್ಲಿ ಕೂದಲೆಳೆಯಷ್ಟು ಬಿರುಕು. ಅಲ್ಲಿಂದ ಹೊರಟ ಕೆಂಪು ಗೆರೆ ಬಿಳಿ ಪೌಡರಿನ ಮೇಲೆ ಸುತ್ತಿ ಬಳಸಿ ಕೆಳಗಿನ ಚೇಂಬರಿನವರೆಗೆ ಬಂದಿತ್ತು.

"ನೋಡಿ ಸಾರ್, ಸೋರೋದು ಅಲ್ಲಿ, ತೊಟ್ಟಿಕ್ಕೋದು ಇಲ್ಲಿ. ನಾನು ತೊಟ್ಟಿಕ್ಕೋ ಕಡೆ ರಿಪೇರಿ ಮಾಡ್ತಾ ಕೂತಿದ್ದೆ."

ಪೈಪು ಕಿತ್ತಾಗ ಒಳಗಿದ್ದ ಎಣ್ಣೆ ದಬದಬನೆ ಗೇಟಿನ ಮುಂದೆ ಚೆಲ್ಲಿತು. ಹೊಸ ಪೈಪು, ಹೊಸ ಕ್ಲಿಪ್ಪು ಹಾಕಿ, ಎಣ್ಣೆ ತುಂಬಿ, ಕಾರನ್ನು ಒಂದು ಸುತ್ತು ಓಡಿಸಿ ನೋಡಿ ಹೊರಟ. ತಲೆಯಿಂದ ಸೊಂಟದವರೆಗೆ ಪೌಡರ್ ಮೆತ್ತಿತ್ತು. ಮಾರನೇ ದಿನ ಬೆಳಿಗ್ಗೆಯೇ ಅವನ ಫೋನು.

"ಸಾರ್, ನಮ್ಮ ಮನೆಯವಳ ಹತ್ರ ನೀವೇ ಒಂಚೂರು ಮಾತಾಡಿ. ಗೇರ್‌ಬಾಕ್ಸಿಗೆ ಪೌಡರ್ ಹಾಕಿದ್ದು ಅಂದ್ರೆ ನಂಬ್ತಿಲ್ಲ. ರಾತ್ರಿ ಊಟ ಹಾಕಿಲ್ಲ."

೫. ಹೊಸಬಳು

ಅದೇ ಬೆಳಿಗ್ಗೆ ತಿಲಕ್ ನಗರದಿಂದ ನನ್ನ ಅಕ್ಕ ಆಟೋದಲ್ಲಿ ಬಂದಿಳಿದಳು. ಅಕ್ಕ ಹೇಳದೇ ಬರುವವಳಲ್ಲ, ಬಂದವಳು ಕಾಫಿ ಕೇಳದೇ ಇರುವವಳೂ ಅಲ್ಲ. ಸೀದಾ ಅಡಿಗೆಮನೆಗೆ ಹೋಗಿ ಸಿಂಕಿನಲ್ಲಿದ್ದ ತಟ್ಟೆ ನೋಡಿದಳು. ರೂಮಿನ ಬಾಗಿಲು ತಳ್ಳಿ ನೋಡಿದಳು. ಬಚ್ಚಲಲ್ಲೂ ಇಣುಕಿದಳು. ಆಮೇಲೆ ಹಾಲಿನ ಮೇಜಿನ ಮೇಲೆ ಮೇಸ್ತ್ರಿ ಇಟ್ಟುಹೋಗಿದ್ದ ಪೌಡರ್ ಡಬ್ಬಿಯನ್ನು ಎತ್ತಿ ಮೂಸಿದಳು, ಕಣ್ಣಲ್ಲಿ ನೀರು ತುಂಬಿತು.

"ವರ್ಷ ತುಂಬೋವರೆಗಾದ್ರೂ ಕಾಯಬಾರದಿತ್ತೇನೋ? ಅವಳ ಪೌಡರನ್ನೇ ಹಾಕ್ಕೋತಾಳಾ ಬಂದವಳು?"

ಯಾರು ಬಂದವಳು ಅಂತ ಕೇಳಿದೆ.

"ನನ್ನ ಹತ್ರ ಮುಚ್ಚಿಡಬೇಡ. ಗೇಟ್ ಮುಂದೆ ಆರತಿ ನೀರು ಚೆಲ್ಲಿರೋದನ್ನ ನಾನೇ ಕಣ್ಣಾರೆ ನೋಡ್ದೆ. ಎದುರುಮನೆಯವಳು ನಿನ್ನೆ ಸಂಜೇನೇ ಫೋನ್ ಮಾಡಿದ್ಲು. ರಂಗೋಲಿ ಹಾಕಿದಾರೆ, ಆರತಿ ಎತ್ತಿದಾರೆ, ಗೇಟಿನ ತನಕ ಪೌಡರ್ ಘಮ ಅಂದ್ಲು."

ಆಗ ನನಗೆ ತಿಳಿಯಿತು. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬವಿಲ್ಲ, ಆರತಿಯಿಲ್ಲ. ಅಂಥ ಮನೆಯ ಮುಂದೆ ಕೆಂಪು ನೀರು ಚೆಲ್ಲಿದ್ದರೆ, ಅದರ ಪಕ್ಕ ಬಿಳಿ ಪುಡಿ ಬಿದ್ದಿದ್ದರೆ, ಒಳಗೆ ಹೊಸ ಹೆಣ್ಣು ಬಲಗಾಲಿಟ್ಟಿದ್ದಾಳೆ ಅಂತಲೇ ಲೆಕ್ಕ. ಏನು ಹೇಳಿದರೂ ಅಕ್ಕ ನಂಬುವ ಹಾಗಿರಲಿಲ್ಲ. ಕೈ ಹಿಡಿದು ಹೊರಗೆ ಕರೆದುಕೊಂಡು ಹೋಗಿ ಕಾರಿನ ಮುಂದೆ ಬಗ್ಗಿಸಿದೆ. ಟಾರ್ಚ್ ಬಿಟ್ಟೆ. "ಇಗೋ, ಇವಳಿಗೇ ಪೌಡರ್ ಹಾಕಿದ್ದು."

ಅಕ್ಕ ಬಹಳ ಹೊತ್ತು ಬಗ್ಗಿ ನೋಡಿದಳು. ನಗು ಬಂದು ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುತ್ತಿದ್ದವಳು ಅಳತೊಡಗಿದಳು. ನಾನೂ ಪಕ್ಕದಲ್ಲಿ ಕೂತು ಅತ್ತೆ. ಆಸ್ಪತ್ರೆಯಲ್ಲಿ ಬಾರದ ಅಳು, ಕಾರ್ಯದ ಓಡಾಟದಲ್ಲಿ ಬಾರದ ಅಳು, ಅವತ್ತು ರಸ್ತೆ ಬದಿಯಲ್ಲಿ ಗೇರ್ ಎಣ್ಣೆಯ ಮುಂದೆ ಬಂತು.

ಎದುರುಮನೆಯಾಕೆ ತನ್ನ ಗೇಟಿನಿಂದ ಕತ್ತು ಚಾಚಿದಳು. "ಹೆಣ್ಣು ಹೇಗಿದ್ದಾಳೆ ಅಕ್ಕ?"

ಅಕ್ಕ ಮೂಗು ಒರೆಸಿಕೊಂಡು ಹೇಳಿದಳು: "ವಯಸ್ಸಾಗಿದೆ ಕಣಮ್ಮ. ಮೈಯೆಲ್ಲ ಎಣ್ಣೆ."

೬. ತವರು

ಕಾರ್ಯದ ದಿನ ಬೆಳಿಗ್ಗೆ ಅಕ್ಕನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಹೊರಟೆ. ನನ್ನ ಎಡಗಾಲಿನ ಚಪ್ಪಲಿ ಬಿಚ್ಚಿ, ಆ ಕಾಲನ್ನು ಸೀಟಿನ ಅಡಿಗೆ ಮಡಿಸಿ ಇಟ್ಟುಕೊಳ್ಳುವ ಹಾಗೆ ಮೇಸ್ತ್ರಿ ಹೇಳಿಕೊಟ್ಟಿದ್ದ. ಕೆಂಗೇರಿ ದಾಟಿ, ಅವಳು ಯಾವಾಗಲೂ ಗಾಡಿ ತಿರುಗಿಸುತ್ತಿದ್ದ ಜಾಗ ಬಂದಾಗ ಬದಿಗೆ ನಿಲ್ಲಿಸಿದೆ.

"ಏನಾಯ್ತೋ? ಸೋರ್ತಿದೆಯಾ?" ಅಂದಳು ಅಕ್ಕ.

"ಇಲ್ಲ. ಇಲ್ಲಿಂದ ಮುಂದೆ ಅವಳಿಗೆ ಹೊಸ ರಸ್ತೆ."

ಕಾಲು ಜೋಮು ಹಿಡಿದಿತ್ತು. ಹೀಗೇ ಮುದುಡಿಕೊಂಡು ಹೈವೇಯಲ್ಲಿ ಹೋದರೆ ಅಕ್ಕನ ಕಾರ್ಯವನ್ನೂ ಮಾಡಬೇಕಾಗುತ್ತದೆ. ಮನಸ್ಸಿಲ್ಲದ ಮನಸ್ಸಿನಿಂದ ಸೀಟನ್ನು ಹಿಂದಕ್ಕೆ ತಳ್ಳಿದೆ. ಹೂವಿನ ದಿಂಬು ಮಾತ್ರ ಬೆನ್ನಿಗೇ ಇರಲಿ ಅಂತ ಬಿಟ್ಟೆ. ಲಾರಿಗಳು ಪಕ್ಕದಲ್ಲಿ ಹೋಗುವಾಗಲೆಲ್ಲ, ಹೆದರಬೇಡ ಕಣೇ ಅಂತ ಬಾಯಲ್ಲಿ ಬರುತ್ತಿತ್ತು. ಅಕ್ಕ ತನಗೇ ಹೇಳುತ್ತಿದ್ದೇನೆ ಅಂದುಕೊಂಡು, "ನಾನೆಲ್ಲಿ ಹೆದರಿದೆ?" ಅನ್ನುತ್ತಿದ್ದಳು.

ಹೊಳೆ ದಂಡೆಯಲ್ಲಿ ಕಾರು ನಿಲ್ಲಿಸಿದೆ. ಮಗಳು ಕಾಯುತ್ತಿದ್ದಳು. ಮೊದಲು ನನ್ನ ಹತ್ತಿರ ಬರಲಿಲ್ಲ. ಬಗ್ಗಿ ಕಾರಿನ ಕೆಳಗೆ ನೋಡಿದಳು. ನೆಲ ಒಣಗಿತ್ತು. ಎದ್ದು ನನ್ನ ಕೈ ಹಿಡಿದುಕೊಂಡಳು.

ಕಾರ್ಯ ಮುಗಿಯಿತು. ಹೊರಡುವಾಗ ಮಗಳು, ಸ್ವಲ್ಪ ದಿನ ಬೆಂಗಳೂರಿನಲ್ಲಿ ನನ್ನ ಜೊತೆ ಇರುತ್ತೇನೆ ಅಂದಳು. ನನ್ನ ಕೈಯಿಂದ ಕೀ ತಗೊಂಡು ಡ್ರೈವರ್ ಸೀಟಿನಲ್ಲಿ ಕೂತಳು. ಕಾಲು ಎಟುಕಲಿಲ್ಲ. ಸೀಟನ್ನು ಮುಂದಕ್ಕೆ ಎಳೆದಳು, ಇನ್ನೂ ಎಳೆದಳು, ಅವಳಮ್ಮನ ಜಾಗಕ್ಕೇ ಬಂದು ಕಟಕ್ ಅಂತ ನಿಂತಿತು. ನಾನು ಸುತ್ತಿಬಂದು ಪಕ್ಕದ ಸೀಟಿನಲ್ಲಿ ಕೂತೆ. ಅಕ್ಕ ಹಿಂದೆ ಹೋದಳು. ಪದ್ಮನಾಭನಗರದವರೆಗೂ ನಾನು ಕಣ್ಣು ಮುಚ್ಚಿಕೊಂಡೇ ಇದ್ದೆ. ಮಗಳು ನಿದ್ದೆ ಅಂದುಕೊಂಡಳು.

ಮನೆ ಮುಂದೆ ಇಳಿದಾಗ ಅಕ್ಕ ಯಾರನ್ನೂ ಒಳಗೆ ಬಿಡಲಿಲ್ಲ. "ವರ್ಷ ಆಯ್ತು. ದೂರದಿಂದ ಗಾಡಿ, ಮಗು ಎರಡೂ ಬಂದಿವೆ, ದೃಷ್ಟಿ ತೆಗೀತೀನಿ" ಅಂತ ಅರಿಶಿನಕ್ಕೆ ಸುಣ್ಣ ಕದಡಿ, ಕಾರಿಗೂ ಮಗಳಿಗೂ ಸೇರಿಸಿ ಆರತಿ ಎತ್ತಿ, ತಟ್ಟೆಯ ಕೆಂಪು ನೀರನ್ನು ಗೇಟಿನ ಮುಂದೆ ಚೆಲ್ಲಿದಳು.

ಬೆಳಿಗ್ಗೆ ಗಲಾಟೆ ಕೇಳಿ ಎದ್ದುಬಂದೆ. ಎದುರುಮನೆಯಾಕೆ ಒಂದು ಕಾರ್ಡ್‌ಬೋರ್ಡ್ ತಂದು ಕಾರಿನ ಕೆಳಗೆ ತೂರಿಸುತ್ತಿದ್ದಳು. ಹೂವಿನವಳು, "ಚೇಂಬರ್ ಪ್ಯಾಕಿಂಗ್ ಇರ್ಬೇಕು ಕಣಕ್ಕ" ಅನ್ನುತ್ತಿದ್ದಳು. ಆ ಹೊತ್ತಿಗಾಗಲೇ ಯಾರೋ ಫೋನ್ ಮಾಡಿ ಕರೆಸಿದ್ದ ಮೇಸ್ತ್ರಿ, ಕಾರಿನ ಕೆಳಗೆ ಮಲಗಿದ್ದ. ಅವನ ಕಾಲು ಮಾತ್ರ ಹೊರಗೆ ಕಾಣುತ್ತಿತ್ತು.

"ಸಾರ್" ಅಂದ ಕೆಳಗಿನಿಂದ. "ಪೈಪು, ಕ್ಲಿಪ್ಪು ಎಲ್ಲ ಒಣಗಿದೆ. ಈ ಕೆಂಪು ಎಣ್ಣೆಯಲ್ಲ, ಅರಿಶಿನ ಸುಣ್ಣದ ನೀರು. ಆರತಿ ಎತ್ತಿದ್ರಾ? ಮನೆಗೆ ಯಾರು ಬಂದ್ರು?"

"ಮೇಡಂ ತವರಿಗೆ ಹೋಗಿದ್ರಪ್ಪ. ನಿನ್ನೆ ವಾಪಸ್ ಬಂದ್ರು."

ರಿಪೇರಿ ಮಾಡುವುದೇನೂ ಇರಲಿಲ್ಲ, ಆದರೂ ಅವನು ಈಚೆಗೆ ಬರಲಿಲ್ಲ. ಅಷ್ಟರಲ್ಲಿ ಮಗಳು ಕೂದಲು ಗಂಟು ಹಾಕಿಕೊಳ್ಳುತ್ತಾ ಬಾಗಿಲಿಗೆ ಬಂದು, ಕಾರಿನ ಕೆಳಗಿನ ಕಾಲುಗಳನ್ನು ನೋಡಿದಳು.

"ಏನು ಮೇಸ್ತ್ರಿ, ಒಣಗಿದೆ ಅಂದ್ರೆ ಸಾಲ್ದು. ಎಲ್ಲೆಲ್ಲಿ ನೋಡಿದ್ರಿ, ಹೆಂಗೆ ನೋಡಿದ್ರಿ, ಒಂದೊಂದಾಗಿ ತೋರಿಸಿ."

ಕೆಳಗೆ ಢಣ್ ಅಂತ ತಲೆ ಚೇಂಬರಿಗೆ ಬಡಿದ ಶಬ್ದವಾಯಿತು. ಆಮೇಲೆ ಮೇಸ್ತ್ರಿಯ ದನಿ, ಬಹಳ ಮೆಲ್ಲಗೆ:

"ಇದು ಸಾರ್. ಇದು ಮೇಡಂ ಬೈಗುಳ."